ಏಣಿ ಹಿಡಿದವರು

‘ಒದ್ದೆ ಗೋಣಿಚೀಲವಾ? ಹೊಸ ಟೈಲ್ಸ್ ಮೇಲಾ?’ ಎಂದು ಪ್ರಾರ್ಥನಾಲಯದ ಕಾರ್ಯದರ್ಶಿ ಆ ಚೀಲವನ್ನು ಸತ್ತ ಇಲಿಯನ್ನು ಎತ್ತುವಂತೆ ಎರಡೇ ಬೆರಳಲ್ಲಿ ಎತ್ತಿ, ಬಾಗಿಲ ಹೊರಗೆ ಬಿಸಾಡಿ ಬಂದರು. ‘ಕಲೆ ಬಿದ್ರೆ ಹೋಗಲ್ಲಮ್ಮ. ಭಾನುವಾರವೇ ಪ್ರತಿಷ್ಠೆ.’

‘ಅದು ಏಣಿ ಕಾಲಿಗೆ ಸಾರ್. ಇಲ್ಲದಿದ್ರೆ ಜಾರುತ್ತೆ. ನೆಲ ನೋಡಿ, ಕನ್ನಡಿ ಥರ ಇದೆ,’ ಎಂದಳು ಬಣ್ಣದಕ್ಕ. ಬೋರ್ಡು ಬರೆಯುವ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದೇ ಹಾಗೆ.

‘ಹಿಡ್ಕೊಳ್ಳೋಕೆ ನಾವಿಬ್ಬರು ಇಲ್ವಾ?’ ಎಂದರು ಪಾಸ್ಟರ್. ಮೊದಲ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನೋಡಿದರು. ಏಣಿ ಕಿರ್ ಎಂದಿತು. ಕಾಲು ತೆಗೆದರು. ‘ಗಟ್ಟಿ ಇದೆ. ಹತ್ತಿ ಸಿಸ್ಟರ್.’

ಬರೆಯಬೇಕಾದದ್ದು ವೇದಿಕೆಯ ಹಿಂದಿನ ಗೋಡೆಯ ಮೇಲೆ, ಮೂರಾಳೆತ್ತರದಲ್ಲಿ, ಎರಡೇ ಸಾಲು. ಮೊದಲನೆಯದು ‘ಹೆದರಬೇಡಿ’. ಎರಡನೆಯದು ‘ಕರ್ತನು ನಿಮ್ಮ ಸಂಗಡ ಇದ್ದಾನೆ’. ಹೋದ ವರ್ಷ ಇಂಥದೇ ಏಣಿಯಿಂದ ಬಿದ್ದು ಅವಳ ಗಂಡ ಸೊಂಟ ಮುರಿದುಕೊಂಡ ಮೇಲೆ ಕುಂಚ ಅವಳ ಕೈಗೆ ಬಂದಿತ್ತು. ಆದರೆ ನೆಲದ ಮೇಲೆ ನಿಂತು ಕೈಗೆಟುಕುವ ಕೆಲಸ ಮಾತ್ರ: ಅಂಗಡಿಯ ಷಟರು, ಗಾಡಿಯ ನಂಬರು. ಎತ್ತರದ ಗೋಡೆಗಳೆಲ್ಲ ಒಂದೊಂದಾಗಿ ಬೇರೆಯವರ ಪಾಲಾದವು. ‘ಇದನ್ನೂ ಆಗಲ್ಲ ಅಂದ್ರೆ ಇನ್ನು ನಮ್ಮನ್ನ ಯಾರೂ ಕರೆಯಲ್ಲ ಕಣೇ,’ ಎಂದು ಬೆಳಿಗ್ಗೆ ಗಂಡ ಹಾಸಿಗೆಯಿಂದಲೇ ಹೇಳಿದ್ದ. ‘ಹತ್ತೋ ಮೊದಲು ಗೋಡೆ ನೋಡಬೇಡ. ಹಿಡ್ಕೊಂಡಿರೋನ ಕೈ ನೋಡು.’

ನೋಡಿದಳು. ಪಾಸ್ಟರರ ಕೈ ಬೆಣ್ಣೆಯಂತೆ ಮೆತ್ತಗಿತ್ತು. ಕಾರ್ಯದರ್ಶಿಯ ಬೆರಳುಗಳಲ್ಲಿ ಉಂಗುರಗಳಿದ್ದವು, ಹಿಡಿತವಿದ್ದಂತೆ ಕಾಣಲಿಲ್ಲ. ಮೊದಲ ಮೆಟ್ಟಿಲಿಗೆ ಇಟ್ಟ ಕಾಲನ್ನು ಅವಳು ಮತ್ತೆ ನೆಲಕ್ಕೆ ಇಳಿಸಿದಳು.

‘ಭಯವಾ ಸಿಸ್ಟರ್? ಭಯ ಅಂದ್ರೇನೇ ಅಪನಂಬಿಕೆ. ಹೋದ ವಾರ ಒಂದು ಗಂಟೆ ಅದನ್ನೇ ಹೇಳಿದೆನಲ್ಲ.’

‘ಒಂದು ಗಂಟೆ ಇಪ್ಪತ್ತು ನಿಮಿಷ,’ ಎಂದು ಕಾರ್ಯದರ್ಶಿ ಭಕ್ತಿಯಿಂದ ತಿದ್ದಿದರು.

‘ಕೇಳಿದೆ ಅಯ್ಯಾ. ಆವತ್ತು ಕೆಳಗೆ ಕೂತಿದ್ದೆ.’

ಬಣ್ಣದ ಡಬ್ಬಿಯನ್ನು ಕೊಕ್ಕೆಗೆ ಸಿಕ್ಕಿಸಿಕೊಂಡು ಹತ್ತಿದಳು. ‘ಕರ್ತನೇ, ಇದೊಂದು ಮೆಟ್ಟಿಲು.’ ಹತ್ತಿದ ಮೇಲೆ ಮತ್ತೆ, ‘ಇದೊಂದು.’ ಇಡೀ ಏಣಿಯನ್ನು ಒಟ್ಟಿಗೇ ಕೇಳುವುದು ದುರಾಸೆ ಎನಿಸಿತ್ತು. ನಾಲ್ಕನೆಯ ಮೆಟ್ಟಿಲಿಗೆ ಬರುವಷ್ಟರಲ್ಲಿ ಕೆಳಗೆ ಪಾಸ್ಟರ್ ಪ್ರಾರ್ಥನೆ ಶುರುಮಾಡಿದರು. ‘ಈ ಸಹೋದರಿಯ ಭಯದ ಆತ್ಮವನ್ನು ಗದರಿಸುತ್ತೇವೆ!’ ಎಂಬ ಮಾತಿಗೆ ಕಿಟಕಿಯ ಗಾಜುಗಳೇ ಅದುರಿದವು. ಅವಳು ಮೇಲೆ ತಲುಪಿ, ಸೀಮೆಸುಣ್ಣದ ದಾರ ಮೀಟಿ ಗೆರೆ ಹಾಕಿ, ಬರೆಯಲು ತೊಡಗಿದಳು. ಪ್ರಾರ್ಥನೆ ಅಷ್ಟರಲ್ಲಿ ಅವಳನ್ನು ಬಿಟ್ಟು ಚಾವಣಿಗೆ, ಚಾವಣಿಯಿಂದ ದಾನಿಗಳಿಗೆ, ದಾನಿಗಳಿಂದ ಹೊಸ ಮೈಕ್ ಸೆಟ್ಟಿಗೆ ದಾಟಿತ್ತು.

ಅರ್ಧ ಸಾಲು ಮುಗಿದಿತ್ತು. ಮುಂದಿನ ಅಕ್ಷರಕ್ಕೆಂದು ಬಲಕ್ಕೆ ವಾಲಿದಾಗ ಏಣಿಯ ತುದಿ ಗೋಡೆಯ ಮೇಲೆ ಒಂದು ಬೆರಳಿನಷ್ಟು ಜಾರಿತು. ನೋಡಬಾರದು ಎಂದುಕೊಂಡಿದ್ದವಳು ಕೆಳಗೆ ನೋಡಿಯೇಬಿಟ್ಟಳು.

ಇಬ್ಬರೂ ಕಣ್ಣು ಬಿಗಿಯಾಗಿ ಮುಚ್ಚಿದ್ದರು. ನಾಲ್ಕೂ ಕೈಗಳು ಚಾವಣಿಯ ಕಡೆಗೆ ಎತ್ತಿದ್ದವು. ಆವೇಶದಲ್ಲಿ ತೂಗಾಡುತ್ತಾ ಒಂದೊಂದು ಹೆಜ್ಜೆ ಹಿಂದಕ್ಕೂ ಸರಿದಿದ್ದರು. ಮಿರಮಿರ ಮಿಂಚುವ ಟೈಲ್ಸಿನ ಮೇಲೆ ಏಣಿ ತನ್ನ ಪಾಡಿಗೆ ತಾನು ನಿಂತಿತ್ತು.

ಕೂಗಬೇಕೆಂದು ಬಾಯಿ ತೆರೆದಳು. ಕೂಗಿದರೆ ಬೆಚ್ಚಿಬಿದ್ದು ಏಣಿಗೇ ಎಡವಿಯಾರು ಎಂದು ಮುಚ್ಚಿದಳು. ಎಷ್ಟು ಹೊತ್ತಿನಿಂದ ಹೀಗೆ? ‘ಗದರಿಸುತ್ತೇವೆ’ ಎಂದಾಗಲೇ ಇರಬೇಕು, ಕೈ ಎತ್ತದೆ ಅವರಿಗೆ ಆ ಮಾತು ಬರುವುದೇ ಇಲ್ಲ. ಅಂದರೆ ನಾಲ್ಕನೆಯ ಮೆಟ್ಟಿಲಿನಿಂದ ಇಲ್ಲಿಯವರೆಗೆ, ಇಷ್ಟೂ ಅಕ್ಷರ ಬರೆಯುವವರೆಗೆ, ಕೆಳಗೆ ಯಾರೂ ಹಿಡಿದಿರಲಿಲ್ಲ. ಆದರೂ ಅವಳು ಬಿದ್ದಿರಲಿಲ್ಲ. ಇದು ಹೊಳೆದದ್ದೇ ಏಣಿಯನ್ನು ಬಿಗಿಹಿಡಿದಿದ್ದ ಎಡಗೈಯನ್ನು ಸಡಿಲಿಸಿದಳು. ಮೈಭಾರವನ್ನು ಮೆಲ್ಲಗೆ ಏಣಿಯ ನಡುವಿಗೆ ತಂದುಕೊಂಡಳು. ‘ಕರ್ತನೇ, ಇದೊಂದು ಅಕ್ಷರ.’ ಆಮೇಲೆ, ‘ಇನ್ನೊಂದು.’ ಕೊನೆಯ ಅಕ್ಷರದ ಗುಡಿಸನ್ನು ದುಂಡಗೆ ತಿದ್ದಿ, ಅದೇ ಪ್ರಾರ್ಥನೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿದಳು.

ಡಬ್ಬಿ ನೆಲಕ್ಕೆ ತಾಗಿದ ಸದ್ದಿಗೆ ಪಾಸ್ಟರ್ ಕಣ್ಣು ತೆರೆದು ಗೋಡೆ ನೋಡಿದರು. ಮುಖ ಬೆಳಗಿತು. ‘ಭಾನುವಾರ ನೀವು ಸಾಕ್ಷಿ ಹೇಳಲೇಬೇಕು ಸಿಸ್ಟರ್. ನೋಡಿ, ಕರ್ತರು ನಿಮ್ಮನ್ನ ಹೇಗೆ ಹಿಡ್ಕೊಂಡಿದ್ರು!’

‘ಹೌದು ಅಯ್ಯಾ,’ ಎಂದಳು ಬಣ್ಣದಕ್ಕ. ‘ಅವರೊಬ್ಬರೇ ಹಿಡ್ಕೊಂಡಿದ್ದು.’

‘ಆಮೆನ್,’ ಎಂದು ಕಾರ್ಯದರ್ಶಿ ಮತ್ತೆ ಎರಡೂ ಕೈ ಎತ್ತಿ ಕಣ್ಣು ಮುಚ್ಚಿದರು. ಅವರು ಕಣ್ಣು ಬಿಡುವಷ್ಟರಲ್ಲಿ ಬಣ್ಣದಕ್ಕ ಹೊರಗಿದ್ದ ಗೋಣಿಚೀಲವನ್ನು ತಂದು, ಇನ್ನೊಮ್ಮೆ ನೀರಲ್ಲಿ ಅದ್ದಿ, ಹೊಸ ಟೈಲ್ಸಿನ ಮೇಲೆ ಹಾಸಿ, ಎರಡನೆಯ ಸಾಲು ಬರೆಯಲು ಹತ್ತುತ್ತಿದ್ದಳು.