ಸೊನ್ನೆ ಗಂಟೆ ಏಳು ನಿಮಿಷ

"ವಾರದಲ್ಲಿ ಇದು ಮೂರನೇ ಸಲ," ಎಂದಳು ಮನೆಯಲ್ಲೇ ಕೇಕ್ ಮಾಡಿ ಮಾರುವ ಕೇಕ್ ಅಕ್ಕ, ತಣ್ಣಗೆ ಕೂತಿದ್ದ ಓವನ್ ಕಡೆ ಬೆರಳು ಮಾಡಿ. "ಮೊದಲನೇ ಸಲ ಬಂದೆ, ಏನೂ ಆಗಿಲ್ಲ ಅಂದೆ. ಎರಡನೇ ಸಲ ಬಂದೆ, ಏನೂ ಆಗಿಲ್ಲ ಅಂದೆ. ಇವತ್ತೂ ಅದೇ ಡೈಲಾಗ್ ಹೊಡೆದ್ರೆ ನಿನ್ನನ್ನೇ ಒಳಗಿಟ್ಟು ಬಾಗಿಲು ಹಾಕ್ತೀನಿ."

"ಹಾಕಿ ಅಕ್ಕಾ. ಅದು ಬಿಸಿ ಆದ್ರೆ ತಾನೇ ನಾನು ಬೇಯೋದು!" ಎಂದ ರಿಪೇರಿಯವನು. ತನ್ನ ಜೋಕಿಗೆ ತಾನೇ ನಗಲು ಹೊರಟವನು ಅರ್ಧಕ್ಕೇ ನಿಲ್ಲಿಸಿದ. ಬೆಳಗ್ಗೆಯಷ್ಟೇ ಸರ್ವಿಸ್ ಆಫೀಸಿನ ಸಾಹೇಬರು ತಣ್ಣಗೆ ಹೇಳಿದ್ದರು: ಇದೇ ಮನೆಯಿಂದ ನಾಲ್ಕನೇ ಕಂಪ್ಲೇಂಟ್ ಬಂದರೆ ಟೂಲ್ ಬ್ಯಾಗ್ ಟೇಬಲ್ ಮೇಲಿಟ್ಟು ಮನೆಗೆ ಹೋಗು.

ಅವನಿಗೆ ಕೆಲಸ ಕಲಿಸಿದ ಗುರು ಒಂದೇ ಒಂದು ಮಂತ್ರ ಕೊಟ್ಟಿದ್ದ: ಮೊದಲು ಮೇನ್ ಆಫ್, ಆಮೇಲೆ ನಮಸ್ಕಾರ. ಅದನ್ನು ಮರೆತು ಒಮ್ಮೆ ಶಾಕ್ ಹೊಡೆಸಿಕೊಂಡ ಮೇಲೆ ಇವನು ಯಾವ ಮೆಷಿನ್ನಿನ ಮುಖವನ್ನೂ ಮೊದಲು ನೋಡಿದವನಲ್ಲ. ಇವತ್ತೂ ನೇರ ಹೋಗಿ ಮೇನ್ ಆಫ್ ಮಾಡಿದ. ಓವನ್ ಎಳೆದು ಬೆನ್ನು ಬಿಚ್ಚಿದ. ಕೆಳಗಿನ ಎಲಿಮೆಂಟಿಗೆ ಮೀಟರ್ ಹಿಡಿದ, ಸರಿ ಇದೆ. ಮೇಲಿನದಕ್ಕೆ ಹಿಡಿದ, ಅದೂ ಸರಿ. ಥರ್ಮೋಸ್ಟಾಟ್ ಗಟ್ಟಿಮುಟ್ಟು. ಒಂದು ವೈರೂ ಸುಟ್ಟಿಲ್ಲ, ಬಾಗಿಲ ರಬ್ಬರಿನಲ್ಲಿ ಕೂದಲು ತೂರುವಷ್ಟೂ ಸಂದಿಲ್ಲ. ಇಡೀ ಸಿನಿಮಾ ಮುಗಿದರೂ ವಿಲನ್ ಯಾರೆಂದು ಗೊತ್ತಾಗದ ಪ್ರೇಕ್ಷಕನಂತೆ ಅವನು ನೆಲದ ಮೇಲೆ ಕೂತ.

ಮುಚ್ಚಿ, ಮೇನ್ ಹಾಕಿದ. ಓವನ್ನಿನ ಗಡಿಯಾರ ಸೊನ್ನೆಗಳನ್ನು ಮಿಟುಕಿಸಿತು. ಕೈಯ ಚಿತ್ರವಿರುವ ಬಟನ್ ಒತ್ತಿದ, ಮಿಟುಕುವುದು ನಿಂತಿತು. ಗುಂಡಿ ತಿರುಗಿಸಿದ. ಐದೇ ನಿಮಿಷಕ್ಕೆ ಓವನ್ ಕಾದ ಹೆಂಚು!

"ಇದೇನಕ್ಕಾ ಇದು? ನನ್ನ ಮುಖ ನೋಡಿದ್ರೆ ಬಿಸಿ ಆಗುತ್ತೆ!"

"ನನಗೂ ಹಾಗೇ ಆಗ್ತಿದೆ," ಎಂದಳು ಕೇಕ್ ಅಕ್ಕ. "ಸಂಜೆ ಐದಕ್ಕೆ ನಾಲ್ಕು ಕೇಕ್ ಕೊಡಬೇಕು. ನಾನು ಹಿಟ್ಟು ಕಲಸಿ ಬಂದು ಹಾಕಿದಾಗ ಇದು ಬಿಸಿ ಆಗದೇ ಇರಲಿ, ನಿಮ್ಮ ಸಾಹೇಬರಿಗೇ ಫೋನು."

ಓವನ್ ಆಫ್ ಮಾಡಿ ಅವಳು ಹಿಂದಿನ ಕೋಣೆಗೆ ಹೋದಳು. ಇವನು ಬ್ಯಾಗ್ ಹೆಗಲಿಗೇರಿಸಿ, ತಲೆಯೊಳಗಿನ ವೈರೆಲ್ಲ ಸಿಕ್ಕುಸಿಕ್ಕಾಗಿ, ಮೆಟ್ಟಿಲಿಳಿದ. ಕೊನೆಯ ಮೆಟ್ಟಿಲಲ್ಲಿ ಜೇಬು ಮುಟ್ಟಿಕೊಂಡರೆ ಟೆಸ್ಟರ್ ಇಲ್ಲ.

ವಾಪಸ್ ಬಂದಾಗ ಅಡುಗೆಮನೆಯಲ್ಲಿ ಕೇಕ್ ಅಕ್ಕನ ಮಾವ ನಿಂತಿದ್ದರು. ಹಿಂದೆ ಎರಡು ಸಲ ಬಂದಾಗಲೂ ನಡುಮನೆಯ ಕುರ್ಚಿಯಲ್ಲಿ ಕೈಕಟ್ಟಿ ಕೂತಿದ್ದ ಅದೇ ಮುದುಕರು. ಈಗ ಒಂದು ಕಣ್ಣಿಗೆ ಗಡಿಯಾರ ರಿಪೇರಿಯವರ ಭೂತಗನ್ನಡಿ ಸಿಕ್ಕಿಸಿ, ಓವನ್ನಿಗೆ ಮೂಗು ತಾಗಿಸಿ, ನಡುಗುವ ಬೆರಳಲ್ಲಿ ಬಟನ್ ಒತ್ತುತ್ತಿದ್ದರು.

"ತಾತಾ, ಏನ್ ಮಾಡ್ತಿದ್ದೀರಾ?"

"ನೋಡಪ್ಪಾ, ಹನ್ನೊಂದೂವರೆ ಆಗಿದೆ, ಇದು ಸೊನ್ನೆ ಗಂಟೆ ಏಳು ನಿಮಿಷ ಅಂತಿತ್ತು. ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವನು ನಾನು. ಮನೇಲಿ ತಪ್ಪು ಟೈಮ್ ಇದ್ರೆ ಊಟ ಸೇರಲ್ಲ. ಯಾರೋ ಬಂದು ಕೆಡಿಸಿ ಹೋಗ್ತಾರೆ, ನಾನು ಸರಿ ಮಾಡ್ತೀನಿ. ಮತ್ತೆ ಕೆಡಿಸ್ತಾರೆ."

ರಿಪೇರಿಯವನು ಬಗ್ಗಿ ನೋಡಿದ. ಟೈಮ್ ಕರಾರುವಾಕ್ಕಾಗಿತ್ತು. ತಾತ ಒತ್ತಿದ ಬಟನ್ನುಗಳಿಂದ ಪಕ್ಕದಲ್ಲಿ 'ಆಟೋ' ಎಂಬ ಪುಟ್ಟ ಗುರುತೂ ಮಿನುಗುತ್ತಿತ್ತು. ಅದು ಮಿನುಗುವಷ್ಟು ಹೊತ್ತು ಓವನ್ ಬಿಸಿಯಾಗುವುದಿಲ್ಲ, ಟೈಮರ್ ಹೇಳಲಿ ಎಂದು ಕಾಯುತ್ತದೆ. ತಾನು ಬಂದೊಡನೆ ಮೇನ್ ಆಫ್ ಮಾಡಿ ಆ ಗುರುತನ್ನು ಅಳಿಸುತ್ತಿದ್ದ. ಹೋಗುವಾಗ ತಪ್ಪು ಟೈಮ್ ಬಿಟ್ಟು ಹೋಗಿ, ತಾತನ ಕೈಯಿಂದ ಅದನ್ನು ಮತ್ತೆ ಕರೆಸುತ್ತಿದ್ದ. ಮೂರು ಸಲ ಹುಡುಕಿದ ವಿಲನ್ ತನ್ನದೇ ಬೂಟು ಹಾಕಿಕೊಂಡಿದ್ದ!

"ಮತ್ತೆ ಯಾಕೆ ಬಂದೆ? ಮಾವ, ನೀವೇನ್ ಮಾಡ್ತಿದ್ದೀರಾ ಅಲ್ಲಿ?" ಕೇಕ್ ಅಕ್ಕ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. ಮುದುಕರು ಭೂತಗನ್ನಡಿ ತೆಗೆದು ಮುಷ್ಟಿಯೊಳಗೆ ಮುಚ್ಚಿಟ್ಟುಕೊಂಡರು.

"ನನ್ನ ತಪ್ಪಕ್ಕಾ," ಎಂದ ರಿಪೇರಿಯವನು, ಕೈಯ ಬಟನ್ ಒತ್ತುತ್ತ. 'ಆಟೋ' ಆರಿತು. "ಟೈಮ್ ಸೆಟ್ ಮಾಡದೆ ಹೋಗ್ತಿದ್ದೆ. ಎಲ್ಲಾ ಆಗಿದ್ದು ಅದರಿಂದ. ಈಗ ಟೈಮೂ ಸರಿ ಇದೆ, ಓವನ್ನೂ ಸರಿ ಇದೆ. ಕರೆಂಟ್ ಹೋಗಿ ಬಂದ್ರೆ ಮೊದಲು ಈ ಕೈ ಒತ್ತಿ."

"ಟೈಮ್ ಇಟ್ಟಿಲ್ಲ ಅಂತ ಓವನ್ ಮುನಿಸಿಕೊಳ್ಳುತ್ತಾ?"

"ವಯಸ್ಸಾದವರ ಥರ ಅಕ್ಕಾ. ಸ್ವಲ್ಪ ಮಾತಾಡಿಸಿಬಿಟ್ಟರೆ ಸಾಕು."

ಅವಳು ಒಂದೂ ಅರ್ಥವಾಗದೆ ಒಳಗೆ ಹೋದಳು. ಮುದುಕರ ಬೆರಳುಗಳು ಆಗಲೇ ಮತ್ತೆ ಓವನ್ ಕಡೆ ಹೊರಳುತ್ತಿದ್ದವು. ಇವನಿಗೆ ಸಾಹೇಬರ ಟೇಬಲ್ ಮೇಲೆ ತನ್ನ ಬ್ಯಾಗ್ ಇದ್ದ ಹಾಗೆ ಕಣ್ಣಮುಂದೆ ಬಂತು. ಅತ್ತ ತಿರುಗಿ ತನ್ನ ಕೈಗಡಿಯಾರ ಬಿಚ್ಚಿದ, ಮುಳ್ಳನ್ನು ಹತ್ತು ನಿಮಿಷ ಹಿಂದಕ್ಕೆ ತಿರುಗಿಸಿ ಚಾಚಿದ.

"ತಾತಾ, ಇದು ಹಿಂದೆ ಬೀಳ್ತಿದೆ. ಸ್ವಲ್ಪ ನೋಡ್ತೀರಾ? ಓವನ್ ನಾನು ನೋಡ್ಕೋತೀನಿ, ಅದರ ಸುದ್ದಿ ನಿಮಗೆ ಬೇಡ."

ಮುದುಕರು ಗಡಿಯಾರವನ್ನು ಕಿವಿಗೆ ಹಿಡಿದು ಕಣ್ಣು ಮುಚ್ಚಿದರು. ಕೈಯ ನಡುಕ ನಿಂತಿತು. ತುಂಬ ಹೊತ್ತು ಕೇಳಿದರು.

"ಏನೂ ಆಗಿಲ್ಲ ಇದಕ್ಕೆ," ಎಂದರು. ಆಮೇಲೆ ಗಡಿಯಾರವನ್ನು ಅಂಗಿಯ ಜೇಬಿಗೆ ಇಳಿಬಿಟ್ಟು, ಹಿಂದಿನ ಕೋಣೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು. "ಆದ್ರೂ ಬಿಟ್ಟು ಹೋಗು. ಎರಡು ದಿನದ ಕೆಲಸ ಇದೆ."