ಹೆಸರಿನ ಪರದೆ

ಪರದೆಯ ಮೇಲೆ ಆದೆಪ್ಪನ ಹೆಸರು ಬರಲಿಲ್ಲ. ಮಸ್ಕಿ ಬಸ್ ನಿಲ್ದಾಣದ ಎದುರಿನ ಟೈಪಿಂಗ್ ಅಂಗಡಿಯಲ್ಲಿ ಕಂಪ್ಯೂಟರ್ ಗುರ್ರೆಂದು ಎದ್ದಿತು. ಆದೆಪ್ಪನೇ ಬರೆದಿದ್ದ ಕನ್ನಡ ಟೈಪಿಂಗ್ ಪ್ರೋಗ್ರಾಂ ನೇರವಾಗಿ ಖಾಲಿ ಹಾಳೆ ತೆರೆದು ನಿಂತಿತು. ಅರ್ಜಿ ಬರೆಸುವ ನೆಪದಲ್ಲಿ ಜೊತೆಗೆ ಬಂದು ಪಕ್ಕದಲ್ಲಿ ಕೂತಿದ್ದ ವೆಂಕೋಬ ಅವನ ತೊಡೆ ಚಿವುಟಿದ.

"ನೋಡಿದೇನಲೇ?" ಎಂದು ಕಿವಿಯಲ್ಲಿ ಅಂದ. "ಬಿಚ್ಚಿ ಹಂಚು ಇನ್ನಷ್ಟು."

ಆದೆಪ್ಪ ಸಿಂಧನೂರಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ. ಪ್ರೋಗ್ರಾಂ ಕೊಡುವವನು ಅದನ್ನು ಬರೆದ ಸಾಲುಗಳನ್ನೂ ಕೊಡಬೇಕು, ತಗೊಂಡವನು ತಿದ್ದಿ ಮುಂದಕ್ಕೆ ಹಂಚಬೇಕು ಎಂಬುದು ಅವನ ಹಟ. ಪತ್ರಿಕೆಯೊಂದರ ಜೊತೆ ಬಂದ ಸಿ.ಡಿ.ಯಿಂದ, ಹೀಗೇ ಸಾಲುಗಳ ಸಮೇತ ಹಂಚುವ ಲಿನಕ್ಸ್ ಹಾಕಿದಾಗ ಮೂರು ದಿನ ಕಪ್ಪು ಪರದೆಯ ಹೊರತು ಏನೂ ಕಾಣಿಸಿರಲಿಲ್ಲ. ಆಗಲೂ, "ಕೆಟ್ಟಿದ್ದು ಎಲ್ಲಿ ಅಂತ ಹುಡುಕಾಕರ ಬಿಡ್ತೈತಲ್ಲ" ಎಂದು ಅದನ್ನು ಹೊಗಳಿದ್ದ. ಲಿಂಗಸುಗೂರಿನಲ್ಲಿ ಕಂಪ್ಯೂಟರ್ ಮಾರುವ ಗೆಳೆಯ ವೆಂಕೋಬನ ದಾರಿಯೇ ಬೇರೆ. ಪ್ರಿಂಟರ್ ವೈರು ಸಿಕ್ಕಿಸುವ ಕಡೆ ಹೆಬ್ಬೆರಳಿನಷ್ಟು ಒಂದು ಲಾಕ್ ಹಾಕಿದರೆ ಮುಗಿಯಿತು, ಯಾರೂ ಕಾಪಿ ಮಾಡುವಂತಿಲ್ಲ, ಬಿಚ್ಚಿ ನೋಡುವಂತಿಲ್ಲ. ಮಸ್ಕಿಯಲ್ಲಿ ಯಾರೋ ನಿನ್ನ ಹೆಸರನ್ನೇ ಕಿತ್ತಿದ್ದಾರೆ ಎಂದು ಅವನೇ ಸುದ್ದಿ ತಂದಿದ್ದ. ಅದು ನಿಜವೇ ಆಗಿದ್ದರೆ ಲಾಕಿಗೆ ಹೂಂ ಅನ್ನುವುದೆಂದು ಆದೆಪ್ಪ ಬಸ್ಸಿನಲ್ಲೇ ಮಾತು ಕೊಟ್ಟಿದ್ದ.

"ಅರ್ಜಿ ಏನಂತ ಬರೀಲ್ರಿ?" ಎಂದಳು ಅಂಗಡಿಯ ಮೆಹಬೂಬ್‌ಬೀ. ಇಪ್ಪತ್ತೈದರ ಆಸುಪಾಸಿನ ಹೆಣ್ಣುಮಗಳು.

"ಅರ್ಜಿ ಇರ್ಲಿ ಅಕ್ಕಾರ. ಈ ಪ್ರೋಗ್ರಾಂ ಯಾರು ಮಾಡಿದ್ದು?" ಎಂದ ವೆಂಕೋಬ.

"ಯಾರೋ ಗೊರೇಬಾಳದ ಆದೆಪ್ಪ ಅಂತ್ರಿ. ದೊಡ್ಡ ಮನಸಿನ ಮನಷ್ಯಾ. ಬರದದ್ದೆಲ್ಲ ಬಿಚ್ಚಿ ಇಟ್ಟಾರ. ಹೆಸರಿನ ಹುಚ್ಚು ಒಂದು ಜರಾ ಜಾಸ್ತಿ."

ವೆಂಕೋಬ ನಗು ತಡೆಯಲಾಗದೆ ಕೆಮ್ಮಿದ. ಆದೆಪ್ಪನ ಕಿವಿ ಬಿಸಿಯಾಯಿತು.

"ಹುಚ್ಚು ಅಂದ್ರ?"

"ಚಾಲೂ ಮಾಡಿದ ಕೂಡ್ಲೆ ಅವರ ಹೆಸರು, ಊರು ಬಂದು ಕುಂದರ್ತಿತ್ರಿ. ಎಡಗಡಿ ಶಿಫ್ಟು, ಬಲಗಡಿ ಎಂಟರು, ಎರಡೂ ಕೂಡೇ ಒತ್ತೋತನಾ ಏಳಂಗೇ ಇಲ್ಲ. ಎಲ್ಲಾರೂ ಓದ್ಲಿ ಅಂತ ಮಾಡ್ಯಾರೇನೋ."

ಓದಲಿ ಎಂದೇ ಮಾಡಿದ್ದ. ಎಂಟರ್ ಒಂದೇ ಇದ್ದಾಗ ಜನ ಹೆಸರು ನೋಡದೆ ದಾಟಿಹೋಗುತ್ತಿದ್ದರು. "ಎರಡು ಕೀ ಒತ್ತಾಕ ಏನು ತ್ರಾಸು?" ಎಂದ. ದನಿ ಗಡುಸಾಗಿತ್ತು.

ಮೆಹಬೂಬ್‌ಬೀ ಸೆರಗು ಸರಿಸಿದಳು. ಎಡಗೈ ಮೊಣಕೈಯಿಂದ ಕೆಳಗೆ ಒಣಗಿ, ಎಳೆಮಗುವಿನ ಕೈಯಷ್ಟೇ ಉಳಿದಿತ್ತು. ಅಂಗಡಿಗೆ ಬಂದಾಗಿನಿಂದ ಆದೆಪ್ಪ ಪರದೆಯನ್ನಷ್ಟೇ ನೋಡಿದ್ದ.

"ದಿನಾ ಮುಂಜಾನೆ ಯಾರನ್ನರ ಕರದು ಶಿಫ್ಟ್ ಒತ್ತಸ್ತಿದ್ದೆ. ಬಳಗಾನೂರಿನ ಮುತ್ಯಾ ಒಬ್ಬಾಂವ, ಶಾಕ್ ಹೊಡಿತೈತೇನವ್ವ ಅಂತ ಹೊರಗ ಬಿಟ್ಟ ಚಪ್ಪಲಿ ಹಾಕ್ಕೊಂಡು ಬಂದು ಒತ್ತಿದ." ಅವಳು ನಕ್ಕಳು. "ಕಡೀಕ ಆ ಹೆಸರಿನ ಪರದೇನ ತಗದು ಹಾಕಿದೆ. ಶಿಫ್ಟೂ ತಿದ್ದೀನಿ. ಒಮ್ಮೆ ಒತ್ತಿ ಬಿಟ್ರ ಸಾಕು, ಮುಂದಿನ ಅಕ್ಷರಕ್ಕ ತಾನ ಹತ್ತತೈತಿ. ಕಲಕೊಂತ ತಿದ್ದಾಕ ಮೂರು ತಿಂಗಳು ಹಿಡೀತ್ರಿ."

ಆದೆಪ್ಪ ಕುರ್ಚಿ ಮುಂದಕ್ಕೆ ಎಳೆದುಕೊಂಡ. "ಯಾವ ಸಾಲಿನಾಗ? ತೋರಸ್ರಿ."

ತೋರಿಸಿದಳು. ಅವನು ಪರದೆಯ ಮೇಲೆ ಬೆರಳಿಟ್ಟು ಓದಿದ. ಅಲ್ಲಲ್ಲಿ ಗೋಜಲಿತ್ತು, ಆದರೂ ನಡೆಯುತ್ತಿತ್ತು. ಶಿಫ್ಟ್ ತಪ್ಪಿ ಒತ್ತಿದರೆ ಇನ್ನೊಮ್ಮೆ ಒತ್ತಿ ರದ್ದು ಮಾಡುವ ಉಪಾಯವೂ ಇತ್ತು. ಇದು ತನಗೆ ಹೊಳೆಯುತ್ತಿರಲಿಲ್ಲ ಎಂದುಕೊಂಡ.

"ನಡಿಯಪ್ಪಾ ಆದೆಪ್ಪ," ವೆಂಕೋಬ ಎದ್ದು ನಿಂತ. "ಹೆಸರು ಹೋಗೈತಿ, ಕಣ್ಣಾರೆ ನೋಡ್ದಿ. ಲಾಕಿನ ಮಾತು ಮುಗಸೋಣು."

ಮೆಹಬೂಬ್‌ಬೀಯ ಕೈ ಕೀಲಿಮಣೆಯ ಮೇಲೆಯೇ ನಿಂತಿತು. "ಗೊರೇಬಾಳದವ್ರು ನೀವೇ ಏನ್ರಿ? ತಪ್ಪಾತ್ರಿ ಅಣ್ಣಾರ. ಹುಚ್ಚು ಅಂದುಬಿಟ್ಟೆ."

"ಖರೇನ ಅಂದೀರಿ," ಎಂದ ಆದೆಪ್ಪ. ವೆಂಕೋಬನ ಕಡೆ ತಿರುಗಿದ. "ಲಾಕ್ ಬ್ಯಾಡಲೇ. ಅದನ್ನ ಹಾಕಿದ್ರ ಈಕಿ ಏನು ತಿದ್ದತಿದ್ಲು?"

"ಮಾತು ಕೊಟ್ಟಿದ್ದಿ."

"ಕೊಟ್ಟಿದ್ದೆ. ಬೈ ಬೇಕಾದ್ರ."

ವೆಂಕೋಬ ಬೈದ. ಬೈಯುತ್ತಲೇ ಮೂರು ಚಹಾ ಹೇಳಲು ಹೊರಗೆ ಹೋದ.

"ನೀವು ತಿದ್ದಿದ್ದರ ಕಾಪಿ ನನಗೊಂದು ಕೊಡ್ರಿ," ಎಂದ ಆದೆಪ್ಪ.

"ಕೊಡ್ತೀನಿ. ಆದ್ರ ನೀವು ಅದನ್ನ ಇನ್ನೂ ಸುಧಾರಿಸಿದ್ರ ನನಗೂ ಒಂದು ಕಾಪಿ ಬರಬೇಕು. ಮರತೆ ಗಿರತೆ ಅನ್ನಂಗಿಲ್ಲ."

ಎರಡು ವರ್ಷ ಅವನು ಇದೇ ಮಾತನ್ನು ಕಂಡ ಕಂಡವರಿಗೆ ಹೇಳಿದ್ದ. ತಿರುಗಿ ಅವನಿಗೆ ಹೇಳಿದವಳು ಇವಳೊಬ್ಬಳೇ.

ಕಾಪಿ ಮುಗಿಯಿತು. ಅವಳು ಫ್ಲಾಪಿಯನ್ನು ಮೇಜಿನ ಮೇಲಿಟ್ಟು, ಪೆನ್ನಿನ ಮುಚ್ಚಳವನ್ನು ಹಲ್ಲಿನಲ್ಲಿ ಕಚ್ಚಿ ತೆಗೆದಳು. ಬರೆಯಲು ಹೋದರೆ ಮೇಜಿನ ಗಾಜಿನ ಮೇಲೆ ಫ್ಲಾಪಿ ಜಾರಿತು. ಆದೆಪ್ಪ ಅದರ ಮೂಲೆಯನ್ನು ಬೆರಳಿನಿಂದ ಒತ್ತಿ ಹಿಡಿದ. ಅವಳು ಫ್ಲಾಪಿಯ ಚೀಟಿಯ ಮೇಲೆ ಅವನ ಹೆಸರು, ಊರು ದುಂಡಗೆ ಬರೆದು ಪೆನ್ನು ಎತ್ತಿದಳು.

ಅವನು ಬೆರಳು ತೆಗೆಯಲಿಲ್ಲ.

"ಕೆಳಗ ಇನ್ನೊಂದು ಹೆಸರಿಗೆ ಜಾಗ ಐತಲ್ರಿ," ಎಂದ.