ಒಡ್ಡಿನ ದಾರಿ

“ಸುವರ್ಣಾ, ನೀಲಾನ ಬಾಗಲದ ಮುಂದ ಗೂಟಾ ಬಡ್ಯಾಕತ್ತಾರ ನೋಡಬೇ,” ಎನ್ನುತ್ತ ಫಕೀರವ್ವ ಕೆರೆಯ ಒಡ್ಡಿನಿಂದ ಇಳಿದು ಬಂದು ಹಿರಿಸೊಸೆಯ ಕಟ್ಟೆಯ ಮೇಲೆ ಕುಳಿತಳು. ಸುವರ್ಣಾ ಜಾಳಿಗೆಯಲ್ಲಿ ಚಹಾ ಸೋಸಿ ಲೋಟ ಆಕೆಯ ಮುಂದಿಟ್ಟಳು.

“ಯಾವ ಗೂಟಾ, ಅತ್ತಿ?”

“ಫಾರೆಸ್ಟಿನವರು ಬಂದಾರ. ಕೆರಿ ಹಕ್ಕಿ ನೋಡಾಕ ಇನ್ನ ಮ್ಯಾಲ ಊರೂರಿಂದ ಮಂದಿ ಬರ್ತಾರಂತ. ಗಾಡಿ ನಿಂದ್ರೂದು, ಮಂದಿ ಇಳಿಯೂದು ಎಲ್ಲಾ ಅಲ್ಲೇ ಅಂತ.” ಮುದುಕಿ ತನ್ನ ಹಿತ್ತಾಳೆ ಲೋಟವನ್ನು ಸೆರಗಿನಲ್ಲಿ ಹಿಡಿದು ಊದಿ ಊದಿ ಕುಡಿದಳು.

ಅಣ್ಣತಮ್ಮಂದಿರ ಮನೆ ಪಾಲಾದ ಮೇಲೆ ಫಕೀರವ್ವನ ಊಟ, ಹಾಸಿಗೆ ಆಚೆ ದಂಡೆಯ ಕಿರಿಸೊಸೆ ನೀಲಾಳ ಮನೆಯಲ್ಲಿ. ಬೆಳಗಿನ ಚಹಾ ಮಾತ್ರ ಈಚೆ ದಂಡೆಯಲ್ಲಿ. ಊರು ಸುತ್ತಿ ಬರುವ ದಾರಿ ಆಕೆಯ ಮೊಣಕಾಲಿಗೆ ಆಗದು. ಒಡ್ಡಿನ ಮೇಲೆ ಕೋಲೂರಿಕೊಂಡು ಬರುತ್ತಿದ್ದಳು, ಬಿಸಿಲೇರುವ ಮುಂಚೆ ಹಾಗೆಯೇ ಮರಳುತ್ತಿದ್ದಳು.

ಆ ಚಹಾವೂ ತನಗೆ ಸಿಕ್ಕ ಪಾಲೇ ಎಂದು ಸುವರ್ಣಾಳಿಗೆ ಎಂದೂ ಅನ್ನಿಸಿರಲಿಲ್ಲ. ಕರೆಯುವ ಎಮ್ಮೆ ನೀಲಾಗೆ ಹೋಗಿತ್ತು, ಕಾಯಿ ಬಿಡುವ ಮಾವಿನ ಗಿಡ ಹೋಗಿತ್ತು, ಅತ್ತೆಯ ಹಾಸಿಗೆಯೂ ಅಲ್ಲಿಗೇ ಹೋಗಿತ್ತು. ಈಗ ದಾರಿಯೂ! ಕಾರಿನಿಂದ ಇಳಿದವರು ನೀಲಾಳ ಕಟ್ಟೆಯ ಮೇಲೆ ಕೂತು ‘ಅಕ್ಕಾರ’ ಅನ್ನುವುದು, ಅವಳು ನಕ್ಕೋತ ಗಿರ್ಮಿಟ್ಟು ಕೊಡುವುದು ಕಣ್ಣಿಗೆ ಕಟ್ಟಿ, ಆಕೆ ಜಾಳಿಗೆಯನ್ನು ಪಾತ್ರೆಗೆ ಕುಕ್ಕಿದಳು.

ಮಧ್ಯಾಹ್ನ ಫಾರೆಸ್ಟಿನ ಸಾಹೇಬರು ಒಡ್ಡಿನ ಮೇಲೆ ನಕಾಶೆ ಬಿಚ್ಚಿಕೊಂಡು ನಿಂತಿದ್ದಾಗ ಸುವರ್ಣಾ ಲಿಂಬೆ ಶರಬತ್ತಿನ ತಂಬಿಗೆ ಹಿಡಿದೇ ಹೋದಳು. ಈ ಮನೆಗೆ ಸೊಸೆಯಾಗಿ ಬಂದ ದಿನದಿಂದ ಒಂದು ಬೆಳ್ಳಕ್ಕಿಯನ್ನೂ ಕತ್ತೆತ್ತಿ ನೋಡದವಳಿಗೆ ಅವತ್ತು ಅವುಗಳ ಮೇಲೆ ಎಲ್ಲಿಲ್ಲದ ಕನಿಕರ ಉಕ್ಕಿತು.

“ಸಾಹೇಬ್ರ, ಅವು ತತ್ತಿ ಇಡೂದೆಲ್ಲಾ ನೀಲಾನ ಕಡಿ ಜಾಲಿಗಿಡದಾಗ್ರಿ. ಅಲ್ಲಿ ದಾರಿ ಮಾಡಿದ್ರ, ಒಡ್ಡಿನ ಮ್ಯಾಲ ಮಂದಿ ಅಡ್ಡಾಡಿದ್ರ, ಬಾಣಂತಿ ಖೋಲ್ಯಾಗ ಸಂತಿ ನೆರದಂಗ ಆಗತೈತ್ರಿ. ಗಾಡಿ ನಮ್ಮ ಕಡಿ ಬಯಲಾಗ ನಿಂದ್ರಸ್ರಿ. ಒಡ್ಡು ಬಂದ್ ಮಾಡಿಬಿಡ್ರಿ.”

ಸಾಹೇಬರು ದುರ್ಬೀನು ಎತ್ತಿ ನೋಡಿದರು. ಹಳೆಯ ಗೂಡುಗಳು ಆ ಕಡೆಯೇ ಇದ್ದವು. “ಖರೇ ಐತಿ ನೋಡ್ರಿ. ಆದ್ರ ಒಡ್ಡಿನ ಮ್ಯಾಲ ದಿನಾ ಅಡ್ಡಾಡೋರು ಯಾರರ ಅದಾರೇನು?”

ಗೂಟ ಬಡಿಯುವುದನ್ನು ನೋಡುತ್ತ ಅಲ್ಲೇ ನಿಂತಿದ್ದ ನೀಲಾ ಮುಂದೆ ಬಂದಳು. “ಯಕ್ಕಾ, ಜರಾ ತಡಿ, ಒಡ್ಡು ಮುಚ್ಚಿದ್ರ...”

“ಹೊಟ್ಟಿ ಉರಕೋಬ್ಯಾಡವಾ ನೀಲವ್ವಾ,” ಎಂದು ಸುವರ್ಣಾ ಆಕೆಯ ಮಾತನ್ನು ಅಲ್ಲೇ ಚಿವುಟಿದಳು. “ಯಾರೂ ಇಲ್ರಿ ಸಾಹೇಬ್ರ. ನಾಯಿ ಸೈತ ಹಾಯಂಗಿಲ್ಲ.”

ಗೂಟಗಳನ್ನು ಕಿತ್ತು ಈಚೆ ದಂಡೆಯಲ್ಲಿ ಬಡಿದರು. ಮಳೆ ಹಿಡಿದು ಹಕ್ಕಿಗಳು ಗೂಡು ಕಟ್ಟಿದವು. ಒಂದು ಶನಿವಾರ ಸಂಜೆ ಒಡ್ಡಿನ ಎರಡೂ ತುದಿಗೆ ಮುಳ್ಳುತಂತಿ ಬಿತ್ತು. ರವಿವಾರ ಬೆಳಗಾಗುವುದರೊಳಗೆ ಸುವರ್ಣಾಳ ಬಾಗಿಲ ಮುಂದೆ ಕಾರು, ಟೆಂಪೋ, ಹುಬ್ಬಳ್ಳಿಯ ಮಂದಿ. ಆಕೆ ಇಳಕಲ್ ಸೀರೆ ಉಟ್ಟು, ದೊಡ್ಡ ಪಾತೇಲಿಯಲ್ಲಿ ಚಹಾ ಕುದಿಸಿ ‘ಬರ್ರಿ, ಕುಂದರ್ರಿ’ ಎಂದು ಉಪಚರಿಸುತ್ತಿದ್ದಳು. ಆಚೆ ದಂಡೆ ಬಿಕೋ ಎನ್ನುತ್ತಿತ್ತು. ಅದನ್ನು ಮತ್ತೆ ಮತ್ತೆ ನೋಡಿ ಆಕೆಗೆ ಹಾಲು ಕುಡಿದಷ್ಟು ಸಂತೋಷ.

ಹಾಗೆ ನೋಡುತ್ತಿರುವಾಗಲೇ ಆಚೆ ತುದಿಯ ತಂತಿಯ ಹಿಂದೆ ನಿಂತ ಮುದುಕಿಯೊಬ್ಬಳು ಕಂಡಳು. ಕೈಯಲ್ಲಿ ಕೋಲು.

ಸುವರ್ಣಾ ಕೈಯಲ್ಲಿದ್ದ ಜಾಳಿಗೆ ಸಮೇತ ಈಚೆ ತುದಿಯ ತಂತಿ ಕಾಯುತ್ತಿದ್ದ ಫಾರೆಸ್ಟಿನ ಕಾವಲುಗಾರನ ಬಳಿ ಓಡಿದಳು. “ಇನಾಯತ್, ಅಕಿ ನಮ್ಮತ್ತಿ. ಚಾ ಕುಡ್ಯಾಕ ಬಂದಾಳ. ಬಿಡೋ ತಮ್ಮಾ.”

“ಹೆಂಗ ಬಿಡ್ಲಿರಿ ಅಕ್ಕಾರ? ಒಬ್ಬರ್ನ ಬಿಟ್ರ ಎಲ್ಲಾರೂ ಹಾಯ್ತಾರ.” ಆತ ಮುಜುಗರದಿಂದ ನಕ್ಕ. “ಇಲ್ಲಿ ಯಾರೂ ಅಡ್ಡಾಡಂಗಿಲ್ಲಂತ ನೀವ ಅಂದ್ರಿ ಅಂತಲ್ರಿ, ಸಾಹೇಬ್ರು ಹೇಳಿದ್ರು.”

ಫಕೀರವ್ವ ಇನ್ನೂ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಕೋಲು ತಿರುಗಿಸಿಕೊಂಡು ನೀಲಾಳ ಮನೆಯತ್ತ ನಡೆದಳು. ಜಾಲಿಗಿಡದ ಒಂದು ಹಕ್ಕಿಯೂ ಏಳಲಿಲ್ಲ.

“ಅಕ್ಕಾರ, ಇಲ್ಲಿ ಒಂದು ತುಂಬಿಟ್ಟದ್ದು ಐತಲ್ರಿ, ಇದನ್ನ ತಗೊಳ್ಳೇನು?” ಕಟ್ಟೆಯ ಮೇಲೆ ಕೂತವನೊಬ್ಬ ಒಲೆಯ ಪಕ್ಕದಲ್ಲಿದ್ದ ಹಿತ್ತಾಳೆ ಲೋಟಕ್ಕೆ ಕೈ ಚಾಚಿದ್ದ. ಬೆಳಗ್ಗೆ ಎದ್ದವಳೇ ರೂಢಿಯಂತೆ ಸುವರ್ಣಾ ಮೊದಲು ಸೋಸಿಟ್ಟಿದ್ದು ಅದಕ್ಕೇ.

“ಅದು ಮಾರೂದಲ್ರಿ,” ಎಂದು ಧಾವಿಸಿ ಬಂದು ಅದರ ಬಾಯಿಗೆ ಅಂಗೈ ಮುಚ್ಚಿದಳು. ಕೆನೆಗಟ್ಟಿದ ಚಹಾ ಅಂಗೈಗೆ ತಣ್ಣಗೆ ತಾಗಿತು.